ಕಡೆಯ ಹದಿನಾರು ಪುಟ

ಮರೆವನ್ನು ಕಾಯಿಲೆ ಎನ್ನುವವರು ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ನಲವತ್ತೈದು ವರ್ಷ ಬಿಟ್ಟು ಎರಡನೇ ಸಲ ಓದಿದವರಲ್ಲ. ನಾನು ಓದಿದ್ದೇನೆ. ಮಂಡ್ಯದ ನಮ್ಮ ಮನೆಯ ವರಾಂಡದಲ್ಲಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಆರಿಹೋದ ಕಾಫಿ ಹಿಡಿದು, ಅತ್ತಿಂದಿತ್ತ ನಡೆಯುತ್ತಾ. ನನಗೆ ಕೂತು ಓದುವ ಅಭ್ಯಾಸವಿಲ್ಲ. ಕೊಲೆಯಾದ ಮೇಲಂತೂ ಕೂರುವುದಕ್ಕೇ ಆಗುವುದಿಲ್ಲ.

ಪುಸ್ತಕ ಸಿಕ್ಕಿದ್ದು ಮದ್ದೂರಿನಲ್ಲಿ, ನಮ್ಮಕ್ಕ ಜಯಮ್ಮನ ಮನೆಯಲ್ಲಿ. ಅವಳು ತುಕ್ಕು ಹಿಡಿದ ಟ್ರಂಕು ಖಾಲಿ ಮಾಡುತ್ತಿದ್ದಳು. ತಳಕ್ಕೆ ಹಾಸಿದ್ದ ಕಾಗದದಡಿಯಿಂದ ಅದನ್ನು ಎಳೆದು, ಸೆರಗಿನಲ್ಲಿ ಒರೆಸಿ, ನನ್ನ ಕಡೆ ಎಸೆದಳು.

“ತಗೋಳ್ಲಾ, ನಿನ್ ಕೊಲೆ ಪುಸ್ತಕ. ಮಳವಳ್ಳೀಲಿ ಓದಿದ್ದು.”

ತಿರುವಿ ನೋಡಿದೆ. ಬೆಟ್ಟದ ಮೇಲೊಂದು ಬಂಗಲೆ. ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದ ಜಮೀನ್ದಾರರು. ಮೇಜಿನ ಮೇಲೆ ಅರ್ಧ ಕುಡಿದ ಹಾಲಿನ ಲೋಟ. ಮನೆಯಲ್ಲಿ ಒಬ್ಬರು ಡಾಕ್ಟರು, ಒಬ್ಬರು ವಕೀಲರು, ಜಮೀನ್ದಾರರ ತಂಗಿ, ಅಡಿಗೆಯವನು, ಹಾರ್ಮೋನಿಯಂ ಮೇಷ್ಟ್ರು. ಇವರನ್ನೆಲ್ಲ ವಿಚಾರಿಸಲು ಬಂದ ಪತ್ತೇದಾರನಿಗೆ ಮುಖ್ಯವಾದ ಮಾತು ಹೇಳುವ ಮುಂಚೆ ಒಂದು ಏಲಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ. ಇಷ್ಟೂ ಹಳೇ ನೆಂಟರಂತೆ ಗುರುತು ಸಿಕ್ಕಿತು. ಆದರೆ ಕೊಲೆ ಮಾಡಿದವರು ಯಾರು? ತಲೆಯೊಳಗೆಲ್ಲ ಹುಡುಕಿದೆ. ಇಲ್ಲ! ಪೂರ್ತಿ ಖಾಲಿ! ಆನಂದದಿಂದ ಅಕ್ಕನ ನಡುಮನೆಯಲ್ಲೇ ಒಂದು ಸುತ್ತು ಹಾಕಿದೆ.

“ಅಕ್ಕ, ಯಾರು ಕೊಂದಿದ್ದು ಅಂತ ನಂಗೆ ಜ್ಞಾಪಕಾನೇ ಇಲ್ಲ!”

“ನಂಗಯ್ತೆ,” ಎಂದಳು ಅಕ್ಕ. “ಏಳ್ಬುಡ್ಲಾ?”

ನಾನು ಊಟಕ್ಕೂ ನಿಲ್ಲದೆ ಮಂಡ್ಯದ ಬಸ್ಸು ಹತ್ತಿದೆ.

ಹೀಗೆ ಓಡಿಬಂದದ್ದಕ್ಕೆ ಕಾರಣವಿದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಗೆ ಯಾವ ಪುಸ್ತಕ ಬಂದರೂ ಮೊದಲು ಓದುವ ಹಕ್ಕು ಅವಳದು, ಓದಿ ಮುಗಿಸಿದ ಕೂಡಲೇ ಕೊಲೆಗಾರನ ಹೆಸರನ್ನು ನನ್ನ ಕಿವಿಗೆ ಮುಟ್ಟಿಸುವ ಹಕ್ಕೂ ಅವಳದೇ. ಬಚ್ಚಲುಮನೆಯ ಬಾಗಿಲಾಚೆಯಿಂದ ಕೂಗಿದ್ದಾಳೆ. ಅನ್ನ ಕಲಸುವಾಗ ಪಿಸುಗುಟ್ಟಿದ್ದಾಳೆ. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ ಹಣೆಗೆ ಒದ್ದೆಬಟ್ಟೆ ಹಾಕುವ ನೆಪದಲ್ಲಿ ಬಗ್ಗಿ, “ಮಾವ ಕಣೋ,” ಎಂದು ಹೇಳಿ ಹೋದಳು. ನನ್ನ ಬಾಲ್ಯದಲ್ಲಿ ನಾನು ಒಂದೇ ಒಂದು ಪತ್ತೇದಾರಿ ಕಾದಂಬರಿಯನ್ನೂ ಕೊನೆ ತಿಳಿಯದೆ ಕೊನೆ ಮುಟ್ಟಿದವನಲ್ಲ. ಈಗ, ಅರವತ್ತು ದಾಟಿದ ಮೇಲೆ, ನನ್ನ ಮರೆವೇ ನನಗೊಂದು ಅವಕಾಶ ಕೊಟ್ಟಿತ್ತು. ಅಕ್ಕನ ಬಾಯಿಂದ ಬೀಳುವ ಮೊದಲು ಆ ಹೆಸರನ್ನು ನಾನೇ ಪುಸ್ತಕದಲ್ಲಿ ಓದಿ ಬೆರಗಾಗಬೇಕು. ಬೇಕಾದದ್ದು ಇಷ್ಟೇ.

ಓದಲು ಶುರು ಮಾಡಿದ ಮೇಲೆ ಮನೆಯ ಪರಿಸ್ಥಿತಿ ಕೆಟ್ಟಿತು. ಇಂಥ ಕಾದಂಬರಿಯ ದೊಡ್ಡ ಸುಖವೆಂದರೆ ಅಲ್ಲಿ ಏನೂ ಸುಮ್ಮನೆ ಇರುವುದಿಲ್ಲ. ಮೂಲೆಯಲ್ಲಿ ಕೊಡೆ ಒದ್ದೆಯಾಗಿದ್ದರೆ ಅದಕ್ಕೆ ಕಾರಣವಿರುತ್ತದೆ. ಅಡಿಗೆಯವನು ಸಾರಿಗೆ ಉಪ್ಪು ಹಾಕಲು ಮರೆತರೆ ಅದಕ್ಕೊಂದು ಹಿನ್ನೆಲೆ ಇರುತ್ತದೆ. ನಾವಿರುವ ಪ್ರಪಂಚದಲ್ಲಿ ಕನ್ನಡಕ ಕಳೆದರೆ ಕಳೆಯಿತು, ಅಷ್ಟೇ. ಯಾರೂ ಬಂದು ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ವಿವರಿಸುವುದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಹೇಳಿದ ನನಗೆ ಹಾರ್ಮೋನಿಯಂ ಮೇಷ್ಟ್ರ ಹರಿದ ಅಂಗಿತೋಳು ಕೊಟ್ಟಷ್ಟು ಸಮಾಧಾನವನ್ನು ಯಾವ ಸಿದ್ಧಾಂತವೂ ಕೊಟ್ಟಿಲ್ಲ. ಮೂವತ್ತನೇ ಪುಟದ ಹೊತ್ತಿಗೆ ನಾನು ವಕೀಲರನ್ನು ಅನುಮಾನಿಸಿದ್ದೆ. ನಲವತ್ತರಲ್ಲಿ ಅವರ ಕ್ಷಮೆ ಕೇಳಿ ತಂಗಿಯ ಮೇಲೆ ತಿರುಗಿದೆ. ಅರವತ್ತರಲ್ಲಿ ನನ್ನ ಹೆಂಡತಿ ಸುಮಿತ್ರಾ ಹಾಲಿನ ಲೋಟ ತಂದಿಟ್ಟಾಗ ಅದನ್ನು ಮೂಸಿ ನೋಡಿದೆನಂತೆ. ನನಗೆ ಗೊತ್ತಿಲ್ಲ. ಅವಳು ಹೇಳಿದ್ದು.

“ಕುಡೀರಿ. ನಿಮ್ಮನ್ ಸಾಯ್ಸಿ ನಂಗೇನು ಬೆಟ್ಟದ್ ಮೇಲಿನ ಬಂಗ್ಲೆ ಬತ್ತದಾ?” ಎಂದಳು. ಬೆಸಗರಹಳ್ಳಿಯವಳು, ಮಾತಿಗೆ ಸಕ್ಕರೆ ಹಾಕುವುದಿಲ್ಲ.

ಚಿಕ್ಕಂದಿನಲ್ಲೂ ಹೀಗೇ ಇದ್ದೆ. ಒಮ್ಮೆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಕಾಣೆಯಾದಾಗ ಅಪ್ಪ, ಅಕ್ಕ, ಪಕ್ಕದ ಮನೆಯ ಅಜ್ಜಿ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಕೈ ಹಿಂದೆ ಕಟ್ಟಿಕೊಂಡು ಓಡಾಡಿ, ಬಾಯಿಗೊಂದು ಏಲಕ್ಕಿಯನ್ನೂ ಹಾಕಿಕೊಂಡು, “ಕಳ್ಳರು ಈ ಕೋಣೆಯಲ್ಲೇ ಇದ್ದಾರೆ,” ಎಂದೆ. ಅಮ್ಮ ಅಡಿಗೆಮನೆಯಿಂದ, “ನಾನೇ ಕಣೋ ತಿಂದಿದ್ದು, ಏಳಿ ಊಟಕ್ಕೆ,” ಎಂದಳು. ಇದು ನಿಜವಾಗಿ ನಡೆದದ್ದೋ, ಮದುವೆ ಮನೆಗಳಲ್ಲಿ ಹೇಳಿ ಹೇಳಿ ನಡೆದದ್ದಾಯಿತೋ ನಾನು ಪ್ರಮಾಣ ಮಾಡಲಾರೆ. ಜ್ಞಾಪಕವನ್ನು ನಾನು ನಂಬುವುದಿಲ್ಲ. ಮೈಸೂರಿನಲ್ಲಿ ಎಂ.ಎ. ಓದುವಾಗ ಕಲಿತ ಕೆಟ್ಟ ಚಾಳಿ. ನಾನು ನೆನಪೆಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ನಾನೇ ಹೆಣೆದದ್ದು ಎಂದು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೆ. ಸುಮಿತ್ರಾ ಹೇಳುವ ಪ್ರಕಾರ ನಮ್ಮ ಮದುವೆಯಾದದ್ದರ ಬಗ್ಗೆಯೂ ನನಗೆ ಪೂರ್ತಿ ಖಾತರಿಯಿಲ್ಲ.

ಈ ಪುಸ್ತಕವೂ ಅದೇ ಪಾಠ ಹೇಳಿತು. ಕೊಲೆಗಾರ ಯಾರೆಂಬುದು ಮರೆತಿದ್ದರೂ ನನಗೆ ಒಂದು ದೋಣಿ ಮಾತ್ರ ಚೆನ್ನಾಗಿ ನೆನಪಿತ್ತು. ಕತ್ತಲಲ್ಲಿ ಸದ್ದಿಲ್ಲದೆ ಹುಟ್ಟು ಹಾಕಿಕೊಂಡು ಹೋಗುವ ಒಂದು ಪುಟ್ಟ ದೋಣಿ. ಅದು ಈಗ ಬರುತ್ತದೆ, ಇನ್ನು ಬರುತ್ತದೆ ಎಂದು ಪುಟ ತಿರುವಿದೆ. ಬರಲಿಲ್ಲ. ಹೇಗೆ ಬಂದೀತು? ಬಂಗಲೆ ಇರುವುದು ಬೋಳುಬೆಟ್ಟದ ಮೇಲೆ. ಕುಡಿಯುವ ನೀರನ್ನೇ ಕತ್ತೆಯ ಮೇಲೆ ಹೇರಿಕೊಂಡು ಬರಬೇಕು. ನೋಡಿದೆಯಾ ನಾಗರಾಜ, ನೆನಪು ಅಂದರೆ ಇಷ್ಟೇ, ಎಂದು ನನಗೆ ನಾನೇ ಛೀಮಾರಿ ಹಾಕಿಕೊಂಡೆ. ಒಳಗೊಳಗೆ ಖುಷಿಯೂ ಆಯಿತು. ಅಷ್ಟು ಕೆಟ್ಟ ನೆನಪಾದರೆ ಕೊಲೆಗಾರನ ಹೆಸರನ್ನು ಅದು ಗುಟ್ಟಾಗಿ ಒದಗಿಸುವ ಭಯವಿಲ್ಲವಲ್ಲ!

ಈ ನಡುವೆ ಅಕ್ಕನ ಫೋನು ದಿನಕ್ಕೆರಡು ಸಲ.

“ಎಲ್ಲಿಗಂಟ ಬಂದೆಯ್ಲಾ?”

“ನೂರ ಹತ್ತನೇ ಪುಟ. ಏಳ್ಬ್ಯಾಡ ಕಣಕ್ಕ, ನಿನ್ ಕಾಲಿಗ್ ಬೀಳ್ತೀನಿ.”

“ನಾನೇನ್ ಏಳ್ದೆ ಈಗ? ಬರೀ ಮೊದಲ್ನೇ ಅಕ್ಸರ ಏಳ್ತೀನಿ ತಡಿ.”

ಫೋನು ಇಟ್ಟುಬಿಟ್ಟೆ. ಆಮೇಲೆ ಅವಳ ಕರೆ ತೆಗೆದುಕೊಳ್ಳುವುದನ್ನೇ ಬಿಟ್ಟೆ.

ನೂರ ನಲವತ್ತನಾಲ್ಕನೇ ಪುಟಕ್ಕೆ ಬಂದೆ. ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿದ್ದಾರೆ. ತಂಗಿ ಸೆರಗು ಹಿಂಡುತ್ತಿದ್ದಾಳೆ. ಡಾಕ್ಟರು ಗಡಿಯಾರ ನೋಡುತ್ತಿದ್ದಾರೆ. ಪುಟದ ಕಡೆಯ ಸಾಲು: ‘ಪತ್ತೇದಾರನು ಮೆಲ್ಲನೆ ಏಲಕ್ಕಿಯನ್ನು ಬಾಯಿಗೆ ಹಾಕಿಕೊಂಡು’. ಅವಸರದಲ್ಲಿ ಕಣ್ಣನ್ನು ಎದುರು ಪುಟಕ್ಕೆ ಹಾರಿಸಿದೆ. ರಟ್ಟು!

ಸುಮಿತ್ರಾ ಓಡಿಬಂದಳು. ನಾನು ಅಷ್ಟು ಜೋರಾಗಿ ಕೂಗಿದ್ದೆ.

ಆ ರಟ್ಟನ್ನು ನೋಡುತ್ತಾ ನಿಂತಾಗಲೇ ಮಳವಳ್ಳಿಯ ಗಫಾರ್ ಸಾಬರು ನೆನಪಾದದ್ದು. ಅಪ್ಪ ಅಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರಾಗಿದ್ದರು. ಸಾಬರು ಕಚೇರಿಯ ರಿಜಿಸ್ಟರುಗಳಿಗೆ ಬೈಂಡು ಹಾಕುತ್ತಿದ್ದರು. ಅಂಗಡಿಯ ಒಂದು ಗೋಡೆಯ ತುಂಬ ಬಾಡಿಗೆಗೆ ಕೊಡುವ ಕಾದಂಬರಿಗಳು. ಮೈದಾ ಅಂಟಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿದ ವಾಸನೆ ಅಂಗಡಿಗೆಲ್ಲ. ಕೆಲವರು, ಮುಖ್ಯವಾಗಿ ನಮ್ಮಕ್ಕ, ಅಲ್ಲೇ ನಿಂತು ಕಡೆಯ ಪುಟ ಓದಿಕೊಂಡು ಪುಸ್ತಕ ವಾಪಸಿಟ್ಟು ಹೋಗುವುದನ್ನು ಕಂಡು ಸಾಬರಿಗೆ ರೋಸಿಹೋಗಿತ್ತು. ಬೈಂಡಿನವರಿಗೆ ಸಿಟ್ಟು ಬಂದರೆ ಏನು ಮಾಡುತ್ತಾರೆ? ಪ್ರತಿ ಪತ್ತೇದಾರಿ ಕಾದಂಬರಿಯ ಹೊಲಿಗೆ ಬಿಚ್ಚಿ, ಕಡೆಯ ಫಾರಂ, ಅಂದರೆ ಒಂದೇ ದೊಡ್ಡ ಹಾಳೆ ಮಡಿಸಿ ಮಾಡಿದ ಹದಿನಾರು ಪುಟದ ಕಟ್ಟು, ಅದನ್ನು ಬೇರೆ ಮಾಡಿ ಮರದ ಪೆಟ್ಟಿಗೆಯಲ್ಲಿಟ್ಟರು. ಮಿಕ್ಕದ್ದನ್ನು ಹೊಲಿದು ಬಾಡಿಗೆಗೆ ಬಿಟ್ಟರು. ಓದಿದವರು ಅಂಗಡಿಗೆ ಬಂದು, ಕೊಲೆ ಮಾಡಿದ್ದು ಇಂಥವರು ಎಂದು ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ಸಾಬರೆದುರಿಗೇ ಬೆಂಚಿನ ಮೇಲೆ ಕೂತು ಆ ಹದಿನಾರು ಪುಟ ಓದಬೇಕು. ಮನೆಗೆ ಕೊಡುವುದಿಲ್ಲ.

ಅವರು ಕತ್ತರಿಸುತ್ತಿದ್ದದ್ದು ಕಥೆ ನೋಡಿ ಅಲ್ಲ, ಹೊಲಿಗೆ ನೋಡಿ. ಹಾಗಾಗಿ ಒಂದು ಪುಸ್ತಕದಲ್ಲಿ ಕೊಲೆಗಾರ ಮೊದಲೇ ಸಿಕ್ಕಿಬಿದ್ದು, ಕಡೆಯ ಫಾರಂನಲ್ಲಿ ಬರೀ ತಲೆಗೂದಲ ಎಣ್ಣೆಯ ಜಾಹೀರಾತಿತ್ತು. ಅದಕ್ಕೂ ನಾವು ಹೋಗಿ ಗಂಭೀರವಾಗಿ ಹೆಸರು ಹೇಳಿ, ಬೆಂಚಿನ ಮೇಲೆ ಕೂತು, ಎಣ್ಣೆಯ ಗುಣಗಳನ್ನು ಓದಿ ಬಂದಿದ್ದೆವು. ನಾವು ಎಂದರೆ ಅಕ್ಕ ಮೊದಲು, ನಾನು ಆಮೇಲೆ.

ಈ ಪುಸ್ತಕ ತಂದದ್ದು ಮಳವಳ್ಳಿಯಲ್ಲಿ ನಮ್ಮ ಕಡೆಯ ವಾರ. ಅಪ್ಪನಿಗೆ ಮಂಡ್ಯಕ್ಕೆ ವರ್ಗವಾಗಿತ್ತು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅದು ಅಕ್ಕನ ಟ್ರಂಕು ಸೇರಿರಬೇಕು. ಹಾಗಾದರೆ ಅದರ ಕಡೆಯ ಹದಿನಾರು ಪುಟ ಇನ್ನೂ ಮಳವಳ್ಳಿಯಲ್ಲೇ ಇದ್ದರೆ? ಇರಲಾರದು ಎಂದು ತರ್ಕ ಹೇಳಿತು. ತರ್ಕವನ್ನು ಮನೆಯಲ್ಲೇ ಬಿಟ್ಟು ಬೆಳಿಗ್ಗೆ ಹತ್ತರ ಖಾಸಗಿ ಬಸ್ಸು ಹತ್ತಿದೆ.

ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಬಸ್ಸು ತೆವಳುತ್ತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. ತೆಗೆದೆ.

“ಲೇ ನಾಗ, ಡಾಕ್ಟ್ರು ಕಣ್ಲಾ! ದೋಣೀಲಿ ಓಗಿ ಕೊಂದೋನು ಡಾಕ್ಟ್ರು! ನನ್ ಫೋನ್ ಎತ್ತಾಕಿಲ್ವ ನೀನು? ಪಕ್ಕದ್ ಮನೇವ್ರ ಫೋನಲ್ಲಿ ಮಾಡಿವ್ನಿ, ನೋಡೀಗ!”

ಕರೆ ನಿಂತಿತು. ಅವಳ ದನಿ ಬಸ್ಸಿನ ಸದ್ದನ್ನೂ ಮೀರಿ ಮೂರು ಸೀಟಿಗೆ ಕೇಳಿಸಿತ್ತು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಮುಖ ನೋಡಿ ಕನಿಕರದಿಂದ, “ಮನೇಲಿ ಏನಾರ ಆಯ್ತಾ ಸಾ?” ಎಂದಳು.

“ನಮ್ಮಕ್ಕ ಕಥೆ ಕೊನೆ ಏಳ್ಬುಟ್ಲು ಕಣಮ್ಮ.”

“ಅಷ್ಟೇನಾ! ಅದ್ಕೆ ಇಂಗ್ ಕೂತಿದ್ದೀರಾ?” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅಷ್ಟೇ. ಆದರೆ ನಾನು ನಿಜವಾಗಿಯೂ ಅಳುತ್ತಿದ್ದೆ. ನಾಚಿಕೆಗೇಡು, ನಿವೃತ್ತ ಪ್ರಾಧ್ಯಾಪಕ, ಬಸ್ಸಿನಲ್ಲಿ. ಸ್ವಲ್ಪ ದೂರ ಹೋದ ಮೇಲೆ ತಲೆಯೊಳಗೆ ಇನ್ನೊಂದು ಹುಳ ಹೊಕ್ಕಿತು. ದೋಣಿ! ಅಕ್ಕನಿಗೂ ದೋಣಿಯ ನೆನಪಿದೆ. ಒಬ್ಬನ ನೆನಪು ಕಥೆ ಕಟ್ಟಬಹುದು. ಇಬ್ಬರ ನೆನಪು ಒಂದೇ ದೋಣಿಯನ್ನು ಹೇಗೆ ಕಟ್ಟೀತು? ಬೋಳುಬೆಟ್ಟಕ್ಕೆ ಡಾಕ್ಟರು ದೋಣಿಯಲ್ಲಿ ಹೇಗೆ ಹತ್ತಿದರು? ಮುಖ ಒರೆಸಿಕೊಂಡು ನೆಟ್ಟಗೆ ಕೂತೆ.

ಸಾಬರ ಅಂಗಡಿ ಇದ್ದ ಜಾಗದಲ್ಲಿ ಈಗ ಸ್ಕೂಟರು ರಿಪೇರಿ ಅಂಗಡಿ. ಅವರ ಮಗ ಇಮ್ರಾನ್ ಒಂದು ಬೈಕಿನ ಕೆಳಗೆ ಅಂಗಾತ ಮಲಗಿದ್ದ. ಒಳಗಿನ ಬೆಂಚಿನ ಮೇಲೆ, ಬಿಳಿ ಟೋಪಿ ಹಾಕಿಕೊಂಡು, ಹಳೇ ರಟ್ಟುಗಳನ್ನು ಅಳೆದು ಕತ್ತರಿಸುತ್ತಾ ಗಫಾರ್ ಸಾಬರು ಕೂತಿದ್ದರು. ಎಂಬತ್ತು ದಾಟಿರಬೇಕು. ನಾನು ಯಾರೆಂದು ಹೇಳುವ ಬದಲು ಪುಸ್ತಕವನ್ನು ಅವರ ಕೈಗಿಟ್ಟೆ. ಅವರು ಮೊದಲು ಹೊಲಿಗೆಯನ್ನು ಬೆರಳಿನಿಂದ ಸವರಿದರು.

“ನನ್ ದಾರ,” ಎಂದರು. “ಗುಮಾಸ್ತ್ರು ಮಗ ಅಲ್ವಾ ನೀವು? ಅಕ್ಕ ಒಬ್ರಿದ್ರು. ಬಾಯಿ ಬಾಳಾ ಜೋರು.”

“ಈಗ್ಲೂ ಅಷ್ಟೇ ಸಾಬ್ರೇ,” ಎಂದೆ. ಬಸ್ಸಿನಲ್ಲಿ ನಡೆದದ್ದನ್ನೂ ಹೇಳಿದೆ. “ಕೊಲೆಗಾರ ಡಾಕ್ಟರು ಅಂತೆ. ಆದ್ರೆ ಈ ಪುಸ್ತಕದಲ್ಲಿ ದೋಣಿ ಎಲ್ಲಿದೆ? ನನಗೆ ತಲೆ ಕೆಟ್ಟಿದೆಯೋ ಏನೋ ನೋಡಿ ಹೇಳಿ.”

ಸಾಬರು ರಟ್ಟು ಕತ್ತರಿಸುವ ಚೂರಿ ಕೆಳಗಿಟ್ಟರು. ನಗಲು ಶುರು ಮಾಡಿದರು. ಭುಜ ಕುಲುಕುತ್ತಿತ್ತು, ಸದ್ದೇ ಇಲ್ಲ. ಮಗ ಬೈಕಿನ ಕೆಳಗಿನಿಂದ ತಲೆ ಹೊರಗೆ ಹಾಕಿ, “ಅಬ್ಬಾ, ಏನಾಯ್ತು?” ಎಂದ.

“ಏನಿಲ್ಲ ಬೇಟಾ. ನನ್ ತಪ್ಪೊಂದು ಮನೆಗ್ ಬಂದದೆ.”

ಆಮೇಲೆ ಹೇಳಿದರು. ಒಂದೇ ದಿನ ಎರಡು ಪುಸ್ತಕ ಬಂದಿದ್ದವಂತೆ. ಬರೆದವರು ಒಬ್ಬರೇ, ಪತ್ತೇದಾರನೂ ಒಬ್ಬನೇ, ಎರಡಕ್ಕೂ ನೂರ ಅರವತ್ತೇ ಪುಟ. ಎರಡರಲ್ಲೂ ಒಬ್ಬ ಜಮೀನ್ದಾರ, ಒಬ್ಬ ಡಾಕ್ಟರು, ಒಬ್ಬ ವಕೀಲ. ಒಂದು ಬಂಗಲೆ ಬೆಟ್ಟದ ಮೇಲೆ, ಇನ್ನೊಂದು ಕೆರೆಯ ನಡುವೆ. ಎರಡರಲ್ಲೂ ನೂರ ನಲವತ್ತನಾಲ್ಕನೇ ಪುಟಕ್ಕೆ ಸರಿಯಾಗಿ ಆ ಪತ್ತೇದಾರ ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಡೆಯ ಫಾರಂಗಳನ್ನು ಬಿಚ್ಚಿ ಪುಸ್ತಕದ ಹೆಸರಿನ ಚೀಟಿ ಅಂಟಿಸುವಾಗ ಇದರದು ಅದಕ್ಕೆ, ಅದರದು ಇದಕ್ಕೆ ಆಗಿಹೋಯಿತು.

“ಯಾರಿಗೂ ಗೊತ್ತಾಗಲಿಲ್ವಾ?”

“ಇದನ್ನ ಓದ್ದೋರು ನೀವಿಬ್ರೇ, ಆಮ್ಯಾಕೆ ಇದು ನಿಮ್ ಜತೆ ಮಂಡ್ಯಕ್ಕೋಯ್ತು. ಅದನ್ನ ಊರೆಲ್ಲ ಓದುದ್ರು. ಕೆರೆ ಮಧ್ಯದ್ ಮನೇಲಿ ನೀರು ಒರೋ ಕತ್ತೆ ಎಲ್ಲಿಂದ ಬಂತು ಅಂತ ಒಬ್ರೂ ಕೇಳ್ನಿಲ್ಲ. ಪತ್ತೇದಾರ ಏಳ್ದ ಮೇಲೆ ಸರಿನೇ ಇರ್ತದೆ ಅಂದ್ಕೊಂಡ್ರು.”

ಬಾಡಿಗೆ ಲೈಬ್ರರಿ ಮುಚ್ಚಿದ ವರ್ಷ ಎಲ್ಲ ಫಾರಂಗಳನ್ನೂ ವಾಪಸು ಹೊಲಿಯಲು ಕೂತಾಗ ಅವರಿಗೆ ಗೊತ್ತಾಗಿದ್ದು. ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ, ಬೈಂಡಿನವರಿಗೆಂದೇ, ಸಣ್ಣಕ್ಷರದಲ್ಲಿ ಪುಸ್ತಕದ ಹೆಸರು ಅಚ್ಚಾಗಿರುತ್ತದೆ. ನಾವು ಓದುವವರು ಅದನ್ನು ನೋಡುವುದೇ ಇಲ್ಲ. ಹೆಸರು ತಾಳೆಯಾಗಲಿಲ್ಲ. ಕೆರೆಯದನ್ನು ಕೆರೆಗೆ ಹೊಲಿದರು. ಬೆಟ್ಟದ್ದು ಪುಸ್ತಕವಿಲ್ಲದೆ ಉಳಿದುಹೋಯಿತು.

ನಾನು ಎದ್ದು ಆ ಸಣ್ಣ ಅಂಗಡಿಯಲ್ಲಿ, ಬಿಚ್ಚಿಟ್ಟ ಚಕ್ರಗಳ ನಡುವೆ, ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ನಡೆದೆ. ನೆನಪು ಸುಳ್ಳು ಹೇಳಿರಲಿಲ್ಲ! ನನ್ನ ಬಡಪಾಯಿ ನೆನಪು ಕಂಡದ್ದನ್ನು ಕಂಡಂತೆಯೇ ಇಟ್ಟುಕೊಂಡಿತ್ತು. ತಪ್ಪಿದ್ದದ್ದು ಪುಸ್ತಕ. ಅದಕ್ಕಿಂತ ದೊಡ್ಡದು ಆಮೇಲೆ ಹೊಳೆಯಿತು. ಅಕ್ಕ ಹೇಳಿದ ಡಾಕ್ಟರು ಬೇರೆ ಪುಸ್ತಕದ ಡಾಕ್ಟರು. ಅವಳು ಏನನ್ನೂ ಹೇಳಿರಲಿಲ್ಲ. ನನ್ನ ಕೊಲೆಗಾರ ಇನ್ನೂ ಹಾಗೇ, ಮುಟ್ಟದೆ, ಮಳವಳ್ಳಿಯಲ್ಲಿ ಕೂತಿದ್ದ!

“ಕೊಡಿ ಸಾಬ್ರೇ, ಕೊಡಿ!”

ಸಾಬರು ಒಳಗಿನಿಂದ ತಂದ ಕಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡರು. “ಮೊದ್ಲು ಯೋಳಿ. ಯಾರು?”

ಪರೀಕ್ಷಾ ಹಾಲಿನಲ್ಲಿ ಕೂತಂತೆ ಕಣ್ಣು ಮುಚ್ಚಿ, ಕೊಡೆ, ಉಪ್ಪು, ಹರಿದ ತೋಳು ಎಲ್ಲವನ್ನೂ ಪೋಣಿಸಿ, “ಹಾರ್ಮೋನಿಯಂ ಮೇಷ್ಟ್ರು,” ಎಂದೆ.

ಸಾಬರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಟ್ಟು ಕೊಟ್ಟರು. ಬೆಂಚಿನ ಮೇಲೆ ಕೂತು ಓದಿದೆ. ಹೌದು, ಕೂತೇ ಓದಿದೆ. ಇಮ್ರಾನ್ ಬೈಕು ಬಿಟ್ಟು ಎದ್ದು ಬಂದು, ಕೈಯಲ್ಲಿ ಸ್ಪ್ಯಾನರ್ ಹಿಡಿದು ನನ್ನನ್ನೇ ನೋಡುತ್ತಿದ್ದ. ನೂರ ಐವತ್ತೊಂದನೇ ಪುಟದಲ್ಲಿ ನಾನು “ಅಯ್ಯಯ್ಯೋ!” ಎಂದು ಬೆಂಚು ಗುದ್ದಿದೆ. ಹಾರ್ಮೋನಿಯಂ ಮೇಷ್ಟ್ರಲ್ಲ! ಅವರ ಹತ್ತಿರಕ್ಕೂ ಹೋಗಿರಲಿಲ್ಲ ಕಥೆ! ಎಲ್ಲವೂ ಕಣ್ಣೆದುರಿಗೇ ಇತ್ತು, ಮೂವತ್ತನೇ ಪುಟದಿಂದಲೂ ಇತ್ತು, ಮೂವತ್ತು ವರ್ಷ ತರ್ಕ ಹೇಳಿಕೊಟ್ಟವನು ಅದರ ಪಕ್ಕದಲ್ಲೇ ಹಾದುಹೋಗಿದ್ದೆ. ಅಷ್ಟು ಸೊಗಸಾಗಿ ನಾನು ಜನ್ಮದಲ್ಲಿ ಮೋಸಹೋಗಿರಲಿಲ್ಲ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಸಾಬರು ನನ್ನ ಮುಖವನ್ನೇ ನೋಡುತ್ತಾ, ತಾವೂ ಓದುತ್ತಿರುವವರಂತೆ ತಲೆಯಾಡಿಸುತ್ತಿದ್ದರು.

ಅಕ್ಕನಿಗೆ ಫೋನು ಮಾಡಿದೆ.

“ಏನ್ಲಾ, ಸಿಟ್ ಬಂತಾ?” ಎಂದಳು ಖುಷಿಯಾಗಿ.

“ಡಾಕ್ಟ್ರಲ್ಲ ಕಣಕ್ಕ.”

ಎಲ್ಲವನ್ನೂ ಹೇಳಿದೆ. ಕೆರೆ, ಬೆಟ್ಟ, ಅದಲುಬದಲಾದ ಚೀಟಿ. ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದದ್ದು ನನಗೆ ನೆನಪಿಲ್ಲ, ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಂಬಬಹುದು.

“ಅಂಗಾರೆ ಯಾರ್ಲಾ...” ಎಂದು ಶುರು ಮಾಡಿದವಳು ಕಿರುಚಿದಳು, “ತಡಿ! ಏಳ್ಬ್ಯಾಡ!”

ಹೆಸರು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಬಚ್ಚಲುಮನೆಯ ಬಾಗಿಲು, ಜ್ವರ, ಒದ್ದೆಬಟ್ಟೆ, ಎಲ್ಲಕ್ಕೂ ಸೇರಿಸಿ ಮೂರೇ ಅಕ್ಷರ ಸಾಕಿತ್ತು.

“ಮೊದಲ್ನೇ ಅಕ್ಷರ ಏಳ್ಲಾ ಅಕ್ಕ?”

“ಬಾಯ್ ಮುಚ್ಕೊಂಡ್ ಕೂತ್ಕೊ! ಒಂದಕ್ಸರ ಆಚೆಗ್ ಬಂದ್ರೆ ಸತ್ರೂ ನಿನ್ ಮನೆ ಬಾಗ್ಲಿಗ್ ಬರಾಕಿಲ್ಲ ನಾನು. ಆ ಸಾಬ್ರಿಗೂ ಏಳು, ಅಂಗ್ಡಿ ಮುಚ್ಬ್ಯಾಡಿ ಅಂತ. ಬತ್ತಾ ಇವ್ನಿ.” ಆಚೆ ಕಡೆ ಚಪ್ಪಲಿ ಹುಡುಕುವ ಸದ್ದು, ಬಾಗಿಲ ಸದ್ದು, ಯಾರಿಗೋ “ಒಲೆ ಆರ್ಸಮ್ಮ,” ಎಂದದ್ದು, ಎಲ್ಲ ಕೇಳಿಸಿತು.

ಸಾಬರು ಬೆಂಚಿನ ಮೇಲಿನ ರಟ್ಟುಚೂರುಗಳನ್ನು ಕೈಯಲ್ಲಿ ಗುಡಿಸಿ ಅವಳಿಗೆ ಜಾಗ ಮಾಡಿದರು. ಮದ್ದೂರಿನಿಂದ ಬಸ್ಸು ಬರಲು ಒಂದೂವರೆ ಗಂಟೆ ಬೇಕು. ನಾನು ತುಟಿ ಬಿಗಿಹಿಡಿದು ಕೂತೆ. ಜೀವಮಾನದಲ್ಲಿ ಅಷ್ಟು ಸುಖವಾಗಿ ನಾನು ಯಾವತ್ತೂ ಬಾಯಿ ಮುಚ್ಚಿಕೊಂಡಿರಲಿಲ್ಲ.